ಬೇಕಾದ್ದರ ಪಟ್ಟಿ ಯಾರು ಬರೆಯಬೇಕು?

ದಾನ, ಸವಲತ್ತು, ಪೂರ್ವಗ್ರಹ ಕುರಿತು ವಿದ್ಯಾರ್ಥಿಗಳಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿದ್ದೇವೆ. ಮೊದಲನೆಯದಕ್ಕೆ ಹೆಚ್ಚು ಜಾಗ ಹೋಗಿದೆ. ಉಳಿದವರ ಅನುಮಾನಗಳಿಗೂ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ತಂಡ ಮಕ್ಕಳ ವಸತಿನಿಲಯವೊಂದಕ್ಕೆ ಹೋಗಿ ಬ್ಯಾಗು, ನೋಟ್‌ಬುಕ್ಕು ಹಂಚಿ ಬಂತು. ಹೋಗುವಾಗ ‘ಪಾಪದ ಮಕ್ಕಳು’ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಒಬ್ಬ ಹುಡುಗಿ ಲೆಕ್ಕದಲ್ಲಿ ನನಗಿಂತ ಚುರುಕು. ಇನ್ನೊಬ್ಬಳು ಬ್ಯಾಗು ತೆಗೆದುಕೊಂಡು, ‘ಇದು ಈ ವರ್ಷದ ಮೂರನೆಯದು ಅಕ್ಕ’ ಅಂದಳು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದೆವು. ಈಗ ಖುಷಿಗಿಂತ ಮುಜುಗರವೇ ಹೆಚ್ಚಾಗಿದೆ. ಇದನ್ನೆಲ್ಲ ಬಿಟ್ಟುಬಿಡಬೇಕೇ? ಇಂಥ ಭೇಟಿಗಳಿಂದ ಪೂರ್ವಗ್ರಹ ಕರಗುತ್ತದೆ ಅನ್ನುತ್ತಾರಲ್ಲ, ಅದು ನಿಜವೇ?
— ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ

ಉತ್ತರ: ಬಿಡಬೇಡಿ. ಮಾಡುವ ಕ್ರಮ ಬದಲಿಸಿ.

ಮೂರನೇ ಬ್ಯಾಗು ಅಲ್ಲಿಗೆ ಬಂದದ್ದು ಯಾರ ಕೆಟ್ಟ ಮನಸ್ಸಿನಿಂದಲೂ ಅಲ್ಲ. ಒಂದೇ ಸಲಕ್ಕೆ ಕೊಳ್ಳಲು, ಹೊತ್ತು ತರಲು, ಕೈಗಿಡಲು, ಫೋಟೊ ತೆಗೆಯಲು ಸುಲಭವಾದ ವಸ್ತುಗಳು ನಾಲ್ಕೈದೇ. ಎಲ್ಲ ತಂಡಗಳೂ ಅವನ್ನೇ ಆರಿಸುತ್ತವೆ. ಸೋರುವ ನಲ್ಲಿ, ಸಂಜೆ ಪಾಠ ಹೇಳುವವರು, ಕಣ್ಣಿನ ತಪಾಸಣೆ, ಪರೀಕ್ಷೆ ತಿಂಗಳಲ್ಲಿ ರಾತ್ರಿ ಓದಲು ದೀಪ ಯಾರ ಪಟ್ಟಿಗೂ ಬರುವುದಿಲ್ಲ, ಏಕೆಂದರೆ ಪಟ್ಟಿ ಬರೆಯುವವರು ಅಲ್ಲಿ ವಾಸ ಇರುವವರಲ್ಲ. ದೊಡ್ಡವರ ಯೋಜನೆಗಳೂ ಹೀಗೇ ಎಡವಿವೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ‘ಪ್ಲೇಪಂಪ್’ ಅಂಥದ್ದು: ಮಕ್ಕಳು ಗಿರಗಿಟ್ಟಲೆ ಆಡಿದರೆ ನೆಲದಡಿಯ ನೀರು ಮೇಲೆ ಬರುವ ಯಂತ್ರ. 2006ರಲ್ಲಿ ಅದಕ್ಕೆ ಅಮೆರಿಕದಿಂದ ಭಾರಿ ನೆರವು ಘೋಷಣೆಯಾಯಿತು. ಆದರೆ ಊರಿಗೆ ಸಾಕಾಗುವಷ್ಟು ಹೊತ್ತು ಮಕ್ಕಳು ಆಡುವುದಿಲ್ಲ. ಕೊನೆಗೆ ಹೆಂಗಸರು ಆ ಗಿರಗಿಟ್ಟಲೆಯನ್ನು ಕೈಯಿಂದ ತಿರುಗಿಸಬೇಕಾಯಿತು, ಕೆಟ್ಟಾಗ ರಿಪೇರಿಯೂ ಕಷ್ಟವಾಯಿತು. ಕೆಲವೇ ವರ್ಷಗಳಲ್ಲಿ ವಿಸ್ತರಣೆ ನಿಂತಿತು. ಕೊಡುವವರಿಗೆ ಚಂದ ಕಂಡದ್ದು ನೀರು ಸೇದುವವರಿಗೆ ಹೊರೆಯಾಗಿತ್ತು.

ಹಾಗಾಗಿ ಮುಂದಿನ ಸಲ ಹೋಗುವ ಮೂರು ನಾಲ್ಕು ವಾರ ಮೊದಲೇ ಇಬ್ಬರು ಮಾತ್ರ ಹೋಗಿ ಮಾತಾಡಿ. ಇಪ್ಪತ್ತು ಜನ ಹೋದರೆ ಅದು ಮೆರವಣಿಗೆಯಾಗುತ್ತದೆ. ಮೇಲ್ವಿಚಾರಕರ ಜತೆ ಒಮ್ಮೆ, ದೊಡ್ಡ ಮಕ್ಕಳ ಜತೆ ಇನ್ನೊಮ್ಮೆ ಮಾತಾಡಿ. ಇಬ್ಬರ ಉತ್ತರ ಒಂದೇ ಇರುವುದು ಅಪರೂಪ. ‘ಏನು ಬೇಕು?’ ಅಂತ ಕೇಳಬೇಡಿ. ‘ಕಳೆದ ಆರು ತಿಂಗಳಲ್ಲಿ ಬಂದು ಬಳಕೆಯಾಗದೆ ಉಳಿದಿರುವುದು ಏನು?’, ‘ತಿಂಗಳ ಕೊನೆಗೆ ಮುಂಚೆ ಖಾಲಿಯಾಗುವುದು ಯಾವುದು?’, ‘ವರ್ಷದ ಯಾವ ತಿಂಗಳಲ್ಲಿ ಯಾರೂ ಬರುವುದಿಲ್ಲ?’ ಎಂದು ಕೇಳಿ. ಮೂರರಲ್ಲಿ ಮೊದಲನೆಯದಕ್ಕೇ ಬೆಲೆ ಹೆಚ್ಚು. ಆ ಕಪಾಟು ತೆರೆದು ತೋರಿಸಿದರೆ ನಿಮ್ಮ ಅರ್ಧ ಖರ್ಚು ಉಳಿಯುತ್ತದೆ.

‘ನೀವು ಏನು ಕೊಟ್ಟರೂ ಸಂತೋಷ’ ಎಂಬ ಮಾತನ್ನು ಉತ್ತರ ಅಂದುಕೊಳ್ಳಬೇಡಿ. ಇಂಥದ್ದೇ ಬೇಕು ಅಂದರೆ ಇದ್ದದ್ದೂ ಕೈತಪ್ಪೀತು ಎಂಬ ಅಳುಕು ಅದರ ಹಿಂದೆ ಇರುತ್ತದೆ. ‘ಇಷ್ಟು ಮೊತ್ತ ನಿಮಗೆಂದೇ ತೆಗೆದಿಟ್ಟಿದ್ದೇವೆ, ನೀವು ಏನು ಹೇಳಿದರೂ ಅದು ಕಡಿಮೆಯಾಗುವುದಿಲ್ಲ’ ಎಂದು ಮೊದಲೇ ಹೇಳಿ, ಮೂರು ಆಯ್ಕೆ ಮುಂದಿಡಿ. ‘ಮೂರೂ ಬೇಡ’ ಎನ್ನುವುದು ನಾಲ್ಕನೆಯ ಆಯ್ಕೆಯಾಗಿರಲಿ.

ಕೂಡಿಸಿದ ದುಡ್ಡನ್ನೆಲ್ಲ ಮೊದಲ ದಿನವೇ ಮುಗಿಸಬೇಡಿ. ಕಾಲು ಭಾಗವನ್ನು ಮೂರು ತಿಂಗಳ ನಂತರ ರಿಪೇರಿ ಮಾಡಿಸಲು, ಹಾಳಾದದ್ದನ್ನು ಬದಲಿಸಲು ಇಟ್ಟುಕೊಳ್ಳಿ. ವಸ್ತು ಕೊಡುವುದೇ ಆದರೆ ಸಾಲು ನಿಲ್ಲಿಸದೆ ಮೇಜುಗಳ ಮೇಲೆ ಹರವಿಟ್ಟು, ಮಕ್ಕಳೇ ಬಂದು ಬಣ್ಣ, ಅಳತೆ ನೋಡಿ ಆರಿಸಿಕೊಳ್ಳಲಿ. ಮಕ್ಕಳ ಸಂಖ್ಯೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ತನ್ನಿ. ಇಲ್ಲದಿದ್ದರೆ ಕೊನೆಗೆ ಬಂದವರಿಗೆ ಆಯ್ಕೆಯೇ ಉಳಿಯುವುದಿಲ್ಲ, ಮುಂದಿನ ಸಲ ನೂಕುನುಗ್ಗಲು ಖಚಿತ. ಭಾಷಣ ಬೇಡ.

ಫೋಟೊ ವಿಷಯ. ಪಾಲಕರ ಲಿಖಿತ ಒಪ್ಪಿಗೆ ಮತ್ತು ಮಗುವಿನ ಬಾಯಿಮಾತಿನ ಒಪ್ಪಿಗೆ, ಎರಡೂ ಬೇಕು. ಮುಖ, ಪೂರ್ತಿ ಹೆಸರು, ಜಾಗ, ಈ ಮೂರೂ ಒಂದೇ ಪೋಸ್ಟಿನಲ್ಲಿ ಬರಕೂಡದು. ದಾನಿಗಳಿಗೆ ಲೆಕ್ಕ ತೋರಿಸಲು ಬಿಲ್ಲು, ರಿಪೇರಿಯಾದ ನಲ್ಲಿ, ಜೋಡಿಸಿಟ್ಟ ಪುಸ್ತಕದ ಕಪಾಟಿನ ಚಿತ್ರ ಸಾಕು. ನಿಮ್ಮ ತಮ್ಮನ ಫೋಟೊ ಇದೇ ಒಕ್ಕಣೆಯ ಜತೆ ಬೇರೊಬ್ಬರ ಗೋಡೆಯಲ್ಲಿ ಬಂದಿದ್ದರೆ ಮನೆಯಲ್ಲಿ ಒಪ್ಪುತ್ತಿದ್ದರೇ? ಇಲ್ಲವೆಂದಾದರೆ ಹಾಕಬೇಡಿ.

ಇನ್ನು ಪೂರ್ವಗ್ರಹ. ಬೇರೆ ಬೇರೆ ಗುಂಪಿನವರು ಬರೀ ಎದುರು ಬದುರಾದರೆ ಸಾಲದು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ವಾದಿಸಿದ್ದರು. ಭೇಟಿ ಫಲ ಕೊಡಬೇಕಾದರೆ ಆ ಹೊತ್ತಿನಲ್ಲಿ ಇಬ್ಬರದೂ ಸಮಾನ ಸ್ಥಾನವಾಗಿರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಸಂಸ್ಥೆಯ ಅಥವಾ ಹಿರಿಯರ ಬೆಂಬಲ ಇರಬೇಕು. ವಸ್ತು ಹಂಚುವ ಕಾರ್ಯಕ್ರಮವನ್ನು ಈ ಅಳತೆಗೆ ಹಿಡಿದು ನೋಡಿ. ನಾಲ್ಕನೆಯದು ಮಾತ್ರ ಇದೆ. ಒಂದು ಕಡೆ ಕೊಡುವವರು, ಇನ್ನೊಂದು ಕಡೆ ‘ಥ್ಯಾಂಕ್ಸ್’ ಹೇಳಲು ಕಲಿಸಲ್ಪಟ್ಟವರು. ಇದರಿಂದ ಹಳೆಯ ಕಲ್ಪನೆ ಗಟ್ಟಿಯಾಗುವ ಸಂಭವವೇ ಹೆಚ್ಚು.

ಆ ಲೆಕ್ಕದ ಹುಡುಗಿಯ ವಿಷಯದಲ್ಲೂ ಒಂದು ಎಚ್ಚರ ಬೇಕು. ಮನಸ್ಸು ಇಂಥವರನ್ನು ‘ಇವಳು ಬೇರೆ ಥರ’ ಎಂದು ಪಕ್ಕಕ್ಕಿಟ್ಟು, ಉಳಿದವರ ಬಗ್ಗೆ ಮೊದಲಿದ್ದ ಅಭಿಪ್ರಾಯವನ್ನು ಹಾಗೇ ಕಾಪಾಡಿಕೊಳ್ಳುತ್ತದೆ. ಅಪರೂಪದ ಒಬ್ಬ ಜಾಣೆಯಿಂದ ಕಲ್ಪನೆ ಒಡೆಯುವುದು ಕಷ್ಟ. ಸೋಮಾರಿ, ತುಂಟ, ಮಿತಭಾಷಿ, ಜಗಳಗಂಟಿ, ಹಾಡುವವಳು, ಲೆಕ್ಕ ಬಾರದವಳು ಎಲ್ಲರ ಪರಿಚಯವೂ ಆದಾಗ ‘ಆ ಮಕ್ಕಳು’ ಎಂಬ ಒಟ್ಟು ಪದಕ್ಕೆ ಕೆಲಸ ಇರುವುದಿಲ್ಲ.

ಅದಕ್ಕೆ ಒಂದು ದಾರಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಳಸಿದ ‘ಜಿಗ್‌ಸಾ’ ಪಾಠ. ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳನ್ನು ಆಗಷ್ಟೇ ಒಂದೇ ತರಗತಿಗೆ ಸೇರಿಸಿದ್ದರು, ಜಗಳ ಹೆಚ್ಚಿತ್ತು. ಮಾಡುವ ಬಗೆ ಸುಲಭ. ಐದಾರು ಜನರ ಮಿಶ್ರ ಗುಂಪು ಮಾಡಿ. ಒಂದು ಪಾಠವನ್ನು ಅಷ್ಟೇ ತುಂಡು ಮಾಡಿ ತಲೆಗೊಂದು ತುಂಡು ಕೊಡಿ. ಒಂದೇ ತುಂಡು ಸಿಕ್ಕವರೆಲ್ಲ ಬೇರೆ ಗುಂಪುಗಳಿಂದ ಎದ್ದು ಬಂದು ಸ್ವಲ್ಪ ಹೊತ್ತು ಒಟ್ಟಿಗೆ ಕೂತು ಅದನ್ನು ಅರ್ಥ ಮಾಡಿಕೊಳ್ಳಲಿ. ಮತ್ತೆ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಹೇಳಿಕೊಡಲಿ. ಕೊನೆಗೆ ಇಡೀ ಪಾಠದ ಮೇಲೆ ಒಬ್ಬೊಬ್ಬರಿಗೂ ಪುಟ್ಟ ಪರೀಕ್ಷೆ. ಪಕ್ಕದವನ ತುಂಡು ಕೇಳಿಸಿಕೊಳ್ಳದೆ ಯಾರಿಗೂ ಉತ್ತರ ಬರೆಯಲಾಗದು. ಇದು ಕೆಡುವುದು ಎಲ್ಲಿ ಅಂದರೆ, ಕಾಲೇಜಿನವರು ಕಷ್ಟದ ತುಂಡನ್ನು ತಾವೇ ಎತ್ತಿಕೊಂಡುಬಿಡುತ್ತಾರೆ. ಚೀಟಿ ಎತ್ತಿ ಹಂಚಿ. ಪಾಠ ಬೇಡವಾದರೆ ಗೋಡೆಪತ್ರಿಕೆ, ನಾಟಕ, ಸೈಕಲ್ ರಿಪೇರಿ ಯಾವುದಾದರೂ ಆದೀತು. ಅಲ್ಲಿನ ಮಕ್ಕಳು ನಿಮಗೆ ಹೇಳಿಕೊಡುವ ಕೆಲಸ ಒಂದಾದರೂ ಇರಲಿ.

ಒಂದೇ ಸಲ ಹೋಗಿ ಮಾಯವಾಗುವ ಹತ್ತು ತಂಡಗಳಿಗಿಂತ ಹದಿನೈದು ದಿನಕ್ಕೊಮ್ಮೆ ಅದೇ ನಾಲ್ವರು ಒಂದು ವರ್ಷ ಹೋಗುವುದು ಮೇಲು. ಕೊನೆಯ ದಿನ ಯಾವುದೆಂದು ಮೊದಲ ದಿನವೇ ಹೇಳಿಬಿಡಿ. ಬಂದು ಹಚ್ಚಿಕೊಂಡು ಹೇಳದೆ ಹೋಗುವವರನ್ನು ಆ ಮಕ್ಕಳು ಬೇಕಾದಷ್ಟು ನೋಡಿರುತ್ತಾರೆ.

ಪ್ರಶ್ನೆ: ನೆರೆ ಸಂತ್ರಸ್ತರಿಗಾಗಿ ತರಗತಿಯಲ್ಲಿ ಹಳೆ ಬಟ್ಟೆ ಕೂಡಿಸುತ್ತಿದ್ದೇವೆ. ಹೇಗೆ ಕಳಿಸಿದರೆ ಒಳ್ಳೆಯದು?
— ಪಿಯುಸಿ ವಿದ್ಯಾರ್ಥಿ

ಉತ್ತರ: ಕಳಿಸುವ ಮುಂಚೆ ಬೇಕೇ ಎಂದು ಕೇಳಿ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೆ ಬಟ್ಟೆ ಬಂತು. ಅದರಲ್ಲಿ ಬಹುಪಾಲು ಉಡಲು ಬಾರದೆ ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಮನೆ ಕಳೆದುಕೊಂಡವರ ತಲೆಗೆ ಆ ಕಸ ಸಾಗಿಸುವ ಕೆಲಸವೂ ಬಿತ್ತು. ದುರಂತದ ಮೊದಲ ವಾರ ದಾರಿ, ವಾಹನ, ಗೋದಾಮು ಮೂರಕ್ಕೂ ಅಭಾವ. ಆಗ ಬೇಡದ ಒಂದು ಮೂಟೆ ಬಂದರೆ ಔಷಧಿಯ ಮೂಟೆಯೊಂದು ಹಿಂದೆ ಉಳಿಯುತ್ತದೆ.

ಬೇಕು ಎಂಬ ಉತ್ತರ ಬಂದರೆ ಹೆಂಗಸರು, ಗಂಡಸರು, ಮಕ್ಕಳು, ಅಳತೆ ಎಲ್ಲ ಬಿಡಿಸಿ ಕೇಳಿ. ಒಗೆದು ಪೂರ್ತಿ ಒಣಗಿದ ಬಟ್ಟೆ ಮಾತ್ರ ತೆಗೆದುಕೊಳ್ಳಿ. ಒಂದೇ ಒಂದು ಒದ್ದೆ ಟವೆಲ್ಲು ಇದ್ದರೂ ಎರಡು ಮೂರು ದಿನದಲ್ಲಿ ಇಡೀ ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತದೆ. ಗುಂಡಿ, ಜಿಪ್ಪು, ಲಾಡಿ ಇದೆಯೇ ನೋಡಿ. ಲಾಡಿ ಇಲ್ಲದ ಲಂಗವನ್ನು ಅಲ್ಲಿ ಯಾರೂ ಉಡುವಂತಿಲ್ಲ. ಚಪ್ಪಲಿ, ಶೂಗಳನ್ನು ಜೋಡಿ ಕಟ್ಟಿ. ಒಳಉಡುಪು ಹೊಸದೇ ಆಗಬೇಕು. ಔಷಧಿಯನ್ನು ಬಿಡಿಯಾಗಿ ಕೂಡಿಸಲೇಬೇಡಿ. ಪೆಟ್ಟಿಗೆಯೊಂದು 12ರಿಂದ 15 ಕಿಲೋ ಮೀರದಿರಲಿ, ಅದಕ್ಕಿಂತ ಭಾರವಾದರೆ ಒಬ್ಬರೇ ಎತ್ತಲಾರರು, ತಳ ಹರಿಯುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆ ಇರಲಿ: ‘ಹುಡುಗಿಯರು, 6–8 ವರ್ಷ, 40’ ಎಂದು ಮೇಲೂ ಎರಡು ಪಕ್ಕದಲ್ಲೂ ದಪ್ಪಗೆ ಬರೆಯಿರಿ.

ಬಂದದ್ದರಲ್ಲಿ ಗಣನೀಯ ಭಾಗ ತೆಗೆದಿಡಬೇಕಾಗುತ್ತದೆ. ‘ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ’ ಎಂಬ ದಾಕ್ಷಿಣ್ಯಕ್ಕೆ ಬಿದ್ದರೆ ವಿಂಗಡಿಸುವ ಕೆಲಸವನ್ನು ನೆರೆಯಲ್ಲಿರುವವರ ತಲೆಗೆ ಕಟ್ಟಿದಂತೆ.

ಪ್ರಶ್ನೆ: ಬಡವರಿಗೆ ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ, ವಸ್ತುವೇ ಕೊಡಬೇಕು ಅನ್ನುತ್ತಾರೆ ನಮ್ಮ ಅಪ್ಪ. ಸಹಪಾಠಿಗಳಿಗಾಗಿ ತುರ್ತುನಿಧಿ ಮಾಡುವ ಯೋಚನೆ ಇದೆ. ಏನು ಹೇಳುತ್ತೀರಿ?

ಉತ್ತರ: ಅಪ್ಪನ ಮಾತು ಬಹಳ ಜನರ ಮಾತು. ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ವಿಶ್ವಬ್ಯಾಂಕಿನ ಡೇವಿಡ್ ಎವನ್ಸ್ ಮತ್ತು ಆನಾ ಪೊಪೊವಾ 2014ರಲ್ಲಿ ಹಲವು ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ನೇರ ನಗದು ಸಿಕ್ಕ ಕುಟುಂಬಗಳಲ್ಲಿ ಹೆಂಡ, ತಂಬಾಕಿನ ಖರ್ಚು ಒಟ್ಟಾರೆ ಹೆಚ್ಚಿರಲಿಲ್ಲ. ಕುಡಿಯುವವರು ಬಡವರಲ್ಲೂ ಇದ್ದಾರೆ, ಉಳ್ಳವರಲ್ಲೂ ಇದ್ದಾರೆ. ಉಳ್ಳವರ ಸಂಬಳವನ್ನು ಯಾರೂ ಅಕ್ಕಿ ಮೂಟೆಯ ರೂಪದಲ್ಲಿ ಕೊಡುವುದಿಲ್ಲ, ಅಷ್ಟೇ.

ವಸ್ತುವೇ ಸರಿಯಾಗುವ ಸಂದರ್ಭಗಳೂ ಇವೆ. ಅಂಗಡಿಗಳೇ ಮುಳುಗಿರುವ ಕಡೆ ನೋಟು ಪ್ರಯೋಜನಕ್ಕೆ ಬಾರದು. ಬ್ರೈಲ್ ಪುಸ್ತಕದಂಥವು ದುಡ್ಡಿದ್ದರೂ ಸುಲಭಕ್ಕೆ ಸಿಗವು. ಮನೆಯಲ್ಲಿ ಒಬ್ಬರು ದುಡ್ಡು ಕಿತ್ತುಕೊಳ್ಳುತ್ತಾರೆ ಎಂದಾದರೆ ಶುಲ್ಕವನ್ನು ನೇರ ಸಂಸ್ಥೆಗೇ ಕಟ್ಟಿ.

ನಿಮ್ಮ ನಿಧಿಯನ್ನು ಹೀಗೆ ಕಟ್ಟಬಹುದು. ಖಾತೆಗೆ ಇಬ್ಬರ ಸಹಿ ಕಡ್ಡಾಯ, ಅವರಲ್ಲಿ ಒಬ್ಬರು ಅಧ್ಯಾಪಕರು. ಅರ್ಜಿ ಅರ್ಧ ಪುಟ ಮೀರದಿರಲಿ: ಎಷ್ಟು ಬೇಕು, ಯಾವ ದಿನದೊಳಗೆ, ಯಾವುದಕ್ಕೆ. ಆದಾಯದ ಪುರಾವೆ, ಕಷ್ಟದ ಕಥೆ ಕೇಳಬೇಡಿ. ಕಥೆ ಕೇಳಿದರೆ ಚೆನ್ನಾಗಿ ಹೇಳಬಲ್ಲವರಿಗೇ ದುಡ್ಡು ಹೋಗುತ್ತದೆ. ತಲೆಗೆ ಇಷ್ಟು ಎಂಬ ಮಿತಿ ಮೊದಲೇ ಪ್ರಕಟಿಸಿ, 48 ಗಂಟೆಯೊಳಗೆ ಹೌದು ಅಥವಾ ಇಲ್ಲ ತಿಳಿಸಿ. ಸಾಲವಾಗಿ ಕೊಡಬೇಡಿ. ವಸೂಲಿಗೆ ನಿಂತ ದಿನ ಸ್ನೇಹ ಹೋಗುತ್ತದೆ, ದುಡ್ಡೂ ಬರುವುದಿಲ್ಲ. ಆರು ತಿಂಗಳಿಗೊಮ್ಮೆ ಮೊತ್ತ ಮತ್ತು ಉದ್ದೇಶ ಮಾತ್ರ ಇರುವ, ಹೆಸರಿಲ್ಲದ ಲೆಕ್ಕಪಟ್ಟಿ ಹಾಕಿ.

ಪ್ರಶ್ನೆ: ನನಗೆ ‘ಸವಲತ್ತು’ ಇದೆ ಎಂದು ಗೆಳತಿ ಹೇಳುತ್ತಾಳೆ. ಅಪ್ಪ ಅಮ್ಮ ಕಷ್ಟಪಟ್ಟಿದ್ದಾರೆ, ನಾನೂ ನಿದ್ದೆಗೆಟ್ಟು ಓದಿದ್ದೇನೆ. ಹಾಗಿದ್ದೂ ತಪ್ಪು ಮಾಡಿದವಳಂತೆ ಕೂರಬೇಕೇ? ಮುಂದಿನ ವಾರ ನಮ್ಮಲ್ಲಿ ಎಲ್ಲರನ್ನೂ ಸಾಲು ನಿಲ್ಲಿಸಿ, ಅನುಕೂಲ ಇದ್ದವರು ಮುಂದೆ, ಇಲ್ಲದವರು ಹಿಂದೆ ಹೆಜ್ಜೆ ಇಡುವ ಚಟುವಟಿಕೆಯೂ ಇದೆ.
— ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ನಿಮ್ಮ ಶ್ರಮವೂ ನಿಜ, ಗೆಳತಿಯ ಮಾತೂ ನಿಜ. ನೀವು ಎಷ್ಟು ದುಡಿದಿರಿ ಎಂಬುದು ಒಂದು ಲೆಕ್ಕ, ದಾರಿಯಲ್ಲಿ ಏನೇನು ಅಡ್ಡ ಬರಲಿಲ್ಲ ಎಂಬುದು ಇನ್ನೊಂದು. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ, ಬರದೇ ಇದ್ದದ್ದು ನೆನಪಿನಲ್ಲಿ ಉಳಿಯುವುದು ಹೇಗೆ? ಅಮೆರಿಕದ ಲೇಖಕಿ ಪೆಗ್ಗಿ ಮೆಕಿಂಟಾಶ್ 1980ರ ದಶಕದ ಕೊನೆಯಲ್ಲಿ ಬಿಳಿಯಳಾದ ತನಗೆ ಕೇಳದೇ ಸಿಕ್ಕ ದಿನನಿತ್ಯದ ಅನುಕೂಲಗಳನ್ನು ಒಂದೊಂದಾಗಿ ಬರೆದು ಪಟ್ಟಿ ಮಾಡಿದ್ದು ಇದಕ್ಕೇ. ನೀವೂ ಹಾಗೇ ಬರೆಯಿರಿ, ದೊಡ್ಡ ಪದ ಬೇಡ. ಓದಲು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ. ಅರ್ಜಿ ತುಂಬಲು ಗೊತ್ತಿರುವ ಚಿಕ್ಕಪ್ಪ. ಒಮ್ಮೆ ಫೇಲಾದರೆ ಮತ್ತೊಮ್ಮೆ ಕಟ್ಟಲು ಶುಲ್ಕ. ಹೆಸರು ಹೇಳಿದ ಕೂಡಲೇ ಎದುರಿನವರ ಮುಖ ಬದಲಾಗದಿರುವುದು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೂ ನೀವು ಕಾಲೇಜು ಬಿಡಬೇಕಾಗದಿರುವುದು.

ಪಟ್ಟಿ ಮುಗಿದ ಮೇಲೆ ಯಾವುದನ್ನು ಹಂಚಿಕೊಳ್ಳಬಹುದು ಎಂದು ಗುರುತು ಹಾಕಿ. ಕೋಣೆ ಹಂಚಲಾಗದು. ಚಿಕ್ಕಪ್ಪನ ಜ್ಞಾನ ಹಂಚಬಹುದು. ವಿದ್ಯಾರ್ಥಿವೇತನದ ಕೊನೆಯ ದಿನಾಂಕ, ಬೇಕಾದ ದಾಖಲೆಗಳ ಪಟ್ಟಿ, ಸಂದರ್ಶನದಲ್ಲಿ ಕೇಳುವ ಪ್ರಶ್ನೆ, ಯಾರಿಗೆ ಫೋನು ಮಾಡಬೇಕು — ಸವಲತ್ತಿನ ದೊಡ್ಡ ಪಾಲು ಇಂಥ ಮಾಹಿತಿಯೇ, ಕೊಟ್ಟರೆ ಖರ್ಚಾಗುವುದೂ ಇಲ್ಲ. ಮುಜುಗರದಿಂದ ತಲೆ ತಗ್ಗಿಸಿ ಕೂತರೆ ಯಾರಿಗೂ ಏನೂ ಸಿಗುವುದಿಲ್ಲ.

ಆ ಸಾಲಿನ ಚಟುವಟಿಕೆ ನಮಗೆ ಹಿಡಿಸುವುದಿಲ್ಲ. ಹಿಂದೆ ಉಳಿದವರಿಗೆ ತಮ್ಮ ಸ್ಥಿತಿ ಮೊದಲೇ ಗೊತ್ತು. ಮುಂದೆ ನಿಂತವರಿಗೆ ಪಾಠ ಆಗಲೆಂದು ಅವರು ಎಲ್ಲರ ಎದುರು ಬಿಚ್ಚಿಕೊಳ್ಳಬೇಕು. ಸಂಘಟಕರಿಗೆ ಈ ಬದಲಿ ಸೂಚಿಸಿ: ಹನ್ನೆರಡು ಹೇಳಿಕೆ ಅಚ್ಚಾದ ಒಂದೇ ತರಹದ ಚೀಟಿ, ಒಂದೇ ಬಣ್ಣದ ಪೆನ್ನು, ಬರೀ ಟಿಕ್ ಗುರುತು. ಕೂಡಿಸಿ, ಕಲಸಿ, ಮತ್ತೆ ಹಂಚಿ. ತನ್ನ ಕೈಗೆ ಬಂದ ಚೀಟಿ ಯಾರದೋ, ಅದರ ಪ್ರಕಾರ ಹೆಜ್ಜೆ ಇಡಲಿ. ಗುಂಪಿನಲ್ಲಿ ಹದಿನೈದಕ್ಕಿಂತ ಕಡಿಮೆ ಜನ ಇದ್ದರೆ ಇದೂ ಬೇಡ, ಚೀಟಿ ಯಾರದ್ದೆಂದು ಊಹಿಸಿಬಿಡುತ್ತಾರೆ.

ಪ್ರಶ್ನೆ: ಅಂಗವಿಕಲರ ದಿನದಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಕಾರ್ಯಕ್ರಮ ಇಟ್ಟಿದ್ದೇವೆ. ಒಳ್ಳೆಯದಲ್ಲವೇ?

ಉತ್ತರ: ಉದ್ದೇಶ ಒಳ್ಳೆಯದು, ಫಲ ಬಹಳ ಸಲ ಉಲ್ಟಾ. ಮನಶ್ಶಾಸ್ತ್ರಜ್ಞೆ ಏರಿಯಲ್ ಸಿಲ್ವರ್‌ಮನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಣ್ಣು ಕಟ್ಟಿಕೊಂಡು ಓಡಾಡಿದವರು ಆಮೇಲೆ ಕುರುಡರು ಕೆಲಸ ಮಾಡಲು, ಸ್ವತಂತ್ರವಾಗಿ ಬದುಕಲು ಅಷ್ಟು ಸಮರ್ಥರಲ್ಲ ಎಂದು ಅಂದಾಜು ಮಾಡಿದರು. ಕಾರಣ ಸ್ಪಷ್ಟ. ಹತ್ತು ನಿಮಿಷದಲ್ಲಿ ಅವರಿಗೆ ಸಿಕ್ಕಿದ್ದು ಆಗಷ್ಟೇ ದೃಷ್ಟಿ ಹೋದವರ ಗಾಬರಿ. ಬಿಳಿಕೋಲು, ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ, ವರ್ಷಗಳ ಅಭ್ಯಾಸ ಯಾವುದೂ ಅದರಲ್ಲಿಲ್ಲ. ಬದಲಿಗೆ ದೃಷ್ಟಿ ಇಲ್ಲದ ಒಬ್ಬರನ್ನು ಸಂಭಾವನೆ ಕೊಟ್ಟು ಕರೆಸಿ. ಫೋನಿನ ಸ್ಕ್ರೀನ್ ರೀಡರ್ ಬಳಸುವುದು ಹೇಗೆಂದು ಅವರೇ ಕಲಿಸಲಿ. ಅದೇ ದಿನ ಅವರ ಜತೆ ಕಾಲೇಜು ಸುತ್ತಿ, ಎಲ್ಲಿ ಮೆಟ್ಟಿಲ ಅಂಚು ಕಾಣುವುದಿಲ್ಲ, ಯಾವ ಕೋಣೆಗೆ ಬ್ರೈಲ್ ಫಲಕವಿಲ್ಲ, ಕಾಲೇಜಿನ ಜಾಲತಾಣದ ಯಾವ ಅರ್ಜಿ ಓದಿಸಿದರೆ ಮೌನವಾಗುತ್ತದೆ ಎಂದು ಬರೆದುಕೊಂಡು ಪ್ರಾಂಶುಪಾಲರಿಗೆ ಕೊಡಿ.

ಪ್ರಶ್ನೆ: ನನಗೆ ಒಂದು ಸಂಸ್ಥೆಯ ವಿದ್ಯಾರ್ಥಿವೇತನ ಬಂದಿದೆ. ವೇದಿಕೆಗೆ ಬಂದು ದೊಡ್ಡ ಚೆಕ್ಕು ಹಿಡಿದು, ಮನೆಯ ಪರಿಸ್ಥಿತಿ ಹೇಳಿ ಮಾತಾಡಬೇಕಂತೆ. ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲ. ಬೇಡ ಎಂದರೆ ದುಡ್ಡು ನಿಲ್ಲಬಹುದೇ ಎಂಬ ಭಯ.
— ಹೆಸರು ಬೇಡ

ಉತ್ತರ: ಮೊದಲು ಅರ್ಜಿ ಮತ್ತು ಮಂಜೂರಾತಿ ಪತ್ರ ಓದಿ. ವೇದಿಕೆಗೆ ಬರುವುದು ಷರತ್ತೆಂದು ಬರೆದಿದ್ದಾರೆಯೇ? ಎಷ್ಟೋ ಕಡೆ ಅದು ಬಾಯಿಮಾತಿನ ಪದ್ಧತಿ ಮಾತ್ರ, ನಿಯಮವಲ್ಲ. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ, ಫೋನಿನಲ್ಲಲ್ಲ, ಬರವಣಿಗೆಯಲ್ಲಿ ಕಳಿಸಿ: ‘ಮಾನ್ಯರೇ, ವಿದ್ಯಾರ್ಥಿವೇತನಕ್ಕೆ ಕೃತಜ್ಞತೆಗಳು. ಕಾರ್ಯಕ್ರಮಕ್ಕೆ ಬರುತ್ತೇನೆ. ಕುಟುಂಬದ ವಿವರ ಹೇಳುವುದರಿಂದ, ನನ್ನ ಫೋಟೊ ಪ್ರಕಟಿಸುವುದರಿಂದ ವಿನಾಯಿತಿ ಕೋರುತ್ತೇನೆ. ಬದಲಿಗೆ ನನ್ನ ಓದಿನ ವಿಷಯವಾಗಿ ಎರಡು ನಿಮಿಷ ಮಾತಾಡಲು ಸಿದ್ಧಳಿದ್ದೇನೆ. ಪ್ರತಿ ಸೆಮಿಸ್ಟರಿನ ಅಂಕಪಟ್ಟಿಯನ್ನೂ ಕಳಿಸುತ್ತೇನೆ.’ ಬೇಡ ಎಂಬುದರ ಜತೆಗೇ ಬದಲಿಯೂ ಇದ್ದರೆ ಒಪ್ಪುವುದು ಅವರಿಗೂ ಸುಲಭ. ಅಧ್ಯಾಪಕರೊಬ್ಬರಿಗೆ ವಿಷಯ ಹೇಳಿ ಇದರ ಪ್ರತಿ ಕೊಟ್ಟಿರಿ, ಮಾತು ಬೆಳೆದರೆ ನಿಮ್ಮ ಪರ ಅವರು ಮಾತಾಡಲಿ. ಬರಹದಲ್ಲಿ ಇಲ್ಲದ ಷರತ್ತಿಗಾಗಿ ಮಂಜೂರಾದ ದುಡ್ಡನ್ನು ತಡೆಹಿಡಿದರೆ, ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಕೇಳಿ.